ಜೈಲಿನಲ್ಲಿರೋ ಗಣಿತಜ್ಞನಿಗೆ ಬೆಂಗಳೂರಿನಿಂದ ಒಂದು ಸಹಿ. ಹಾಕಿದ್ರೆ ಏನು ಬಂತು?

ಶೂನ್ಯಕ್ಕೆ_ಸಮ
ನಾನು ಬೆಂಗಳೂರಿನಲ್ಲೇ ಗಣಿತದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ನಾಲ್ಕನೇ ವರ್ಷ. ಹೋದ ವಾರ ಫ್ರಾನ್ಸಿನಲ್ಲಿರೋ ಗೆಳತಿಯೊಬ್ಬಳು ಬಹಿರಂಗ ಪತ್ರವೊಂದನ್ನ ಕಳಿಸಿ, ಸಹಿ ಹಾಕ್ತೀಯಾ ಅಂತ ಕೇಳಿದಳು. ಅಜಾತ್ ಮಿಫ್ತಾಖೋವ್ ಅನ್ನೋ ರಷ್ಯನ್ ಗಣಿತಜ್ಞನ ಪರವಾಗಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಮಾಸ್ಕೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ನನ್ನ ಹಾಗೇ ಸಂಶೋಧನಾ ವಿದ್ಯಾರ್ಥಿ ಆಗಿದ್ದವನು. 2018ರ ಜನವರಿಯಲ್ಲಿ ಮಾಸ್ಕೋದಲ್ಲಿ ಆಳುವ ಪಕ್ಷದ ಕಚೇರಿಯೊಂದರ ಕಿಟಕಿ ಒಡೆದು ಯಾರೋ ಹೊಗೆಬಾಂಬ್ ಎಸೆದರು. ಒಂದು ವರ್ಷ ಬಿಟ್ಟು, 2019ರ ಫೆಬ್ರವರಿಯಲ್ಲಿ ಇವನನ್ನ ಹಿಡಿದರು. ತಾನಲ್ಲ ಅಂತ ಇವನು ಹೇಳ್ತಾನೇ ಬಂದ. ಹಿಂಸೆ ಕೊಟ್ಟರು ಅಂತಲೂ ಹೇಳಿದ. ಹೆಸರು ಮುಚ್ಚಿಟ್ಟ ಸಾಕ್ಷಿಯೊಬ್ಬ ಇವನನ್ನ ಗುರುತಿಸಿದ್ದು ಹೇಗೆ ಗೊತ್ತಾ? ಹುಬ್ಬಿನಿಂದ. 2021ರಲ್ಲಿ 6 ವರ್ಷ ಶಿಕ್ಷೆ. 2023ರ ಸೆಪ್ಟೆಂಬರ್ 4ರಂದು ಶಿಕ್ಷೆ ಮುಗಿಸಿ ಗೇಟು ದಾಟಿದ ಗಳಿಗೆಯಲ್ಲೇ ಮತ್ತೆ ಹಿಡಿದರು. ಜೈಲಿನಲ್ಲಿ ಟಿವಿ ನೋಡ್ತಾ ಭಯೋತ್ಪಾದನೆಯನ್ನ ಸಮರ್ಥಿಸಿ ಮಾತಾಡಿದ ಅಂತ ಆರೋಪ. ಹೋದ ತಿಂಗಳು, 2024ರ ಮಾರ್ಚ್‌ನಲ್ಲಿ, ಇನ್ನೂ 4 ವರ್ಷ ಹಾಕಿದ್ದಾರೆ.

ಗೈಡ್ ‘ನಿನ್ನಿಷ್ಟ’ ಅಂದರು. ಆ ‘ನಿನ್ನಿಷ್ಟ’ದಲ್ಲಿ ‘ಬೇಡ’ ಅನ್ನೋದು ಎಷ್ಟಿತ್ತು ಅಂತ ಅಳೆಯೋಕೆ ಆಗ್ತಿಲ್ಲ. ಪಕ್ಕದ ಟೇಬಲ್ಲಿನವನು ‘ಮುಂದೆ ವೀಸಾಗೆ ಅಲೆಯೋಳು ನೀನೇ’ ಅಂದ. ನಿಜವಾಗಿ ಕೇಳ್ತಿದ್ದೀನಿ, ಇಂಥ ಸಹಿಗಳಿಂದ ಯಾರಾದರೂ ಹೊರಗೆ ಬಂದಿದ್ದಾರಾ?

ಗೊಣಗು_ಗಾಂಧಿಬಜಾರ್
ಹಾಕಮ್ಮ, ಹಾಕು. ಪುಟಿನ್ ಬೆಳಗ್ಗೆ ಕಾಫಿ ಕುಡೀತಾ ‘ಓಹ್, ಬೆಂಗಳೂರಿನಿಂದ ಒಬ್ಬಳು ಬರೆದಿದ್ದಾಳೆ’ ಅಂತ ಬಾಗಿಲು ತೆಗೆಸ್ತಾನೆ.

ನಮ್ಮ ಬೀದಿಗೆ ಟ್ಯಾಂಕರ್ ಬಂದು ಐದು ದಿನ ಆಯ್ತು. ಬೋರ್‌ವೆಲ್ ಒಣಗಿದೆ. ಅದಕ್ಕೆ ಯಾರು ಸಹಿ ಸಂಗ್ರಹ ಮಾಡ್ತಾರೆ ಹೇಳಿ? ತಮಾಷೆ ಬಿಟ್ಟು ಹೇಳೋದಾದ್ರೆ, ಇವೆಲ್ಲ ಅಮೆರಿಕದವರು ಶುರು ಮಾಡಿದ ಆಟ. ತಮಗೆ ಆಗದ ದೇಶದ ಕೈದಿ ಮಾತ್ರ ಕಾಣಿಸ್ತಾನೆ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕ್ತಾರೆ.

ಹಳೇಪುಸ್ತಕ
ಗೊಣಗು ಅವರೇ, ಟ್ಯಾಂಕರ್ ವಿಷಯದಲ್ಲಿ ನಿಮ್ಮ ಜೊತೆ ನಾನೂ ಕೊಡ ಹಿಡಿದು ನಿಂತಿದ್ದೀನಿ. ಮಿಕ್ಕಿದ್ದು ಒಪ್ಪಲ್ಲ.

ಶೂನ್ಯ, ನಿಮ್ಮ ಪ್ರಶ್ನೆಗೆ ಉತ್ತರ: ಬಂದಿದ್ದಾರೆ. ಅದರಲ್ಲೂ ಒಬ್ಬ ಗಣಿತಜ್ಞ. ಲಿಯೊನಿದ್ ಪ್ಲ್ಯುಶ್ಚ್, ಕೀವ್ ಊರಿನವನು. ಭಿನ್ನಮತೀಯರ ವಿಚಾರಣೆ ಖಂಡಿಸಿ ಬರೆದದ್ದಕ್ಕೆ 1968ರಲ್ಲಿ ಕೆಲಸ ಹೋಯಿತು. 1972ರಲ್ಲಿ ಬಂಧನ. ಆಮೇಲೆ ಜೈಲೂ ಅಲ್ಲ, ಹುಚ್ಚಾಸ್ಪತ್ರೆ. ಸಮಾಜ ಸುಧಾರಿಸಬೇಕು ಅನ್ನೋ ಭ್ರಮೆ ಇದೆ, ಇದೊಂದು ನಿಧಾನಗತಿಯ ಸ್ಕಿಜೋಫ್ರೇನಿಯಾ ಅಂತ ಡಾಕ್ಟರುಗಳು ಬರೆದುಕೊಟ್ಟರು. ದಿನಾ ಹ್ಯಾಲೊಪೆರಿಡಾಲ್. ಹೆಂಡತಿ ನೋಡೋಕೆ ಹೋದರೆ ಊದಿಕೊಂಡು, ಮಾತು ತಡವರಿಸ್ತಾ ಕೂತಿರೋನು.

ಫ್ರಾನ್ಸಿನ ಹಿರಿಯ ಗಣಿತಜ್ಞರು, ಆನ್ರಿ ಕಾರ್ತಾನ್, ಲೊರಾನ್ ಶ್ವಾರ್ಟ್ಸ್, ಜೊತೆಗೆ ಆಗಿನ್ನೂ ಚಿಕ್ಕ ವಯಸ್ಸಿನ ಮಿಶೆಲ್ ಬ್ರೂಯೆ, ಸಮಿತಿ ಕಟ್ಟಿದರು. 1974ರಲ್ಲಿ ವ್ಯಾಂಕೂವರಿನಲ್ಲಿ ಗಣಿತಜ್ಞರ ವಿಶ್ವ ಸಮ್ಮೇಳನ ನಡೆದಾಗ ಸಹಿ ಸಂಗ್ರಹಿಸಿದರು. ಏನೂ ಆಗಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಸಭೆ ಮಾಡಿದರು, ಸಾವಿರಾರು ಜನ. ಅದಾದ ಎರಡೇ ದಿನಕ್ಕೆ ಫ್ರೆಂಚ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯೇ ‘ಬಿಡಿ ಅವನನ್ನ’ ಅಂತ ಬರೆಯಿತು. 1976ರ ಜನವರಿಯಲ್ಲಿ ಪ್ಲ್ಯುಶ್ಚ್ ಗಡಿ ದಾಟಿ ಬಂದ.

ಅಮೆರಿಕ ಎಷ್ಟು ಕೂಗಿದರೂ ಕ್ರೆಮ್ಲಿನ್ನಿಗೆ ಅದು ಶತ್ರುವಿನ ಮಾತು, ಕಿವಿಗೆ ಹಾಕಿಕೊಳ್ಳಬೇಕಿಲ್ಲ. ಮನೆಯವರೇ ‘ಇದು ಸರಿಯಿಲ್ಲ’ ಅಂದಾಗ ಮುಖ ಎಲ್ಲಿಟ್ಟುಕೊಳ್ಳೋದು? ನನ್ನ ಪ್ರಕಾರ ಬಾಗಿಲು ಅಲುಗಿದ್ದು ಅಲ್ಲಿ.

‘ಆಗದ ದೇಶದ ಕೈದಿ ಮಾತ್ರ’ ಅಂದಿರಲ್ಲ, ಅದಕ್ಕೂ ಹೇಳ್ತೀನಿ. ಅದೇ ಫ್ರೆಂಚರು ಅದೇ ಕಾಲದಲ್ಲಿ ಉರುಗ್ವೆಯ ಹೊಸೆ ಲೂಯಿಸ್ ಮಸ್ಸೇರಾನ ಪರವಾಗಿಯೂ ನಿಂತರು. ಮಸ್ಸೇರಾ ಪಕ್ಕಾ ಕಮ್ಯುನಿಸ್ಟ್. ಅವನನ್ನ ಒಳಗೆ ಹಾಕಿದ್ದು ಬಲಪಂಥೀಯ ಮಿಲಿಟರಿ ಆಡಳಿತ, 1975ರಲ್ಲಿ. ಚಿತ್ರಹಿಂಸೆಯಲ್ಲಿ ಮೂಳೆ ಮುರಿಯಿತು. ಹೊರಗೆ ಬಂದದ್ದು 1984ರಲ್ಲಿ. ಕೆನಡಾದಿಂದ ಮಸ್ಸೇರಾ ಪರವಾಗಿ ಪತ್ರ ಬರೆಸುತ್ತಿದ್ದ ಇಸ್ರೇಲ್ ಹಾಲ್ಪರಿನ್ ಅನ್ನೋ ಗಣಿತಜ್ಞ 1946ರಲ್ಲಿ ತಾನೇ ಸೋವಿಯತ್ ಗೂಢಚಾರ ಅನ್ನೋ ಆರೋಪದ ಮೇಲೆ ಒಳಗಿದ್ದು, ಖುಲಾಸೆಯಾಗಿ ಬಂದವನು. ಕಂಬಿಯ ರುಚಿ ಗೊತ್ತಿದ್ದವನು.

ಗೊಣಗು_ಗಾಂಧಿಬಜಾರ್
ಸರಿ ಸ್ವಾಮಿ, ಒಂದು ಗೆದ್ದ ಕಥೆ ಹೇಳಿದ್ರಿ. ಸೋತದ್ದು ಎಷ್ಟು?

ಹಳೇಪುಸ್ತಕ
ಬೇಕಾದಷ್ಟು. 1938ರಲ್ಲಿ ಐನ್‌ಸ್ಟೈನ್ ಸ್ವತಃ ಸ್ಟಾಲಿನ್ನಿಗೆ ಬರೆದ, ಖಾರ್ಕೀವ್‌ನಲ್ಲಿ ಬಂಧಿತನಾಗಿದ್ದ ವೈಸ್‌ಬರ್ಗ್ ಅನ್ನೋ ಭೌತವಿಜ್ಞಾನಿಗಾಗಿ. ಜೋಲಿಯೋ-ಕ್ಯೂರಿ ದಂಪತಿಯೂ ದನಿಗೂಡಿಸಿದರು. 1940ರಲ್ಲಿ ವೈಸ್‌ಬರ್ಗ್‌ನನ್ನ ಬಿಟ್ಟರು, ನೆಟ್ಟಗೆ ಹಿಟ್ಲರನ ಗೆಸ್ಟಪೊ ಕೈಗೆ. ಅವನು ಯಹೂದಿ.

ಅದೇ 1938ರಲ್ಲಿ ಭೌತವಿಜ್ಞಾನಿ ಲಾಂಡೌನನ್ನೂ ಹಿಡಿದಿದ್ದರು. ಅವನನ್ನ ಬಿಡಿಸಿದ್ದು ಹೊರದೇಶದವರಲ್ಲ, ದೇಶದೊಳಗಿನ ಇನ್ನೊಬ್ಬ ಭೌತವಿಜ್ಞಾನಿ ಪ್ಯೋತರ್ ಕಪಿತ್ಸಾ. ಬಂಧನವಾದ ದಿನವೇ ಸ್ಟಾಲಿನ್ನಿಗೆ ಪತ್ರ ಬರೆದ, ಕೊನೆಗೆ ‘ಇವನ ನಡತೆಗೆ ನಾನು ಜವಾಬ್ದಾರ’ ಅಂತ ಬರೆದುಕೊಟ್ಟ. ಬಿಡುಗಡೆಗೆ ಒಂದು ವರ್ಷ ಹಿಡಿಯಿತು. ನಮ್ಮ ಕಾಲದಲ್ಲಿ ನವಕರ್ನಾಟಕಕ್ಕೆ ಹೋಗಿ ಅಗ್ಗದ ರಷ್ಯನ್ ಭೌತಶಾಸ್ತ್ರದ ಪುಸ್ತಕ ತಂದು ಓದ್ತಿದ್ವಲ್ಲ, ಬರೆದವರು ಯಾವ ಜೈಲಿನಿಂದ ಬಂದವರು ಅಂತ ಯಾರೂ ಹೇಳಿರಲಿಲ್ಲ.

ಕಾಳುಮೆಣಸು
ನಾನು ಜೀವಶಾಸ್ತ್ರದವಳು. ವಾವಿಲೋವ್ ಹೆಸರಿಲ್ಲದೆ ಈ ಚರ್ಚೆ ಮುಗಿಯಬಾರದು. ಲೋಕದ ಮೂಲೆ ಮೂಲೆಯಿಂದ ಬೀಜ ತಂದು ಲೆನಿನ್‌ಗ್ರಾಡಿನಲ್ಲಿ ಕೂಡಿಟ್ಟವನು. ತಳಿವಿಜ್ಞಾನವನ್ನೇ ಅಲ್ಲಗಳೆದ, ಸ್ಟಾಲಿನ್ ಬೆಂಬಲ ಇದ್ದ ಕೃಷಿತಜ್ಞ ಲೈಸೆಂಕೊನ ಸುಳ್ಳು ವಿಜ್ಞಾನವನ್ನ ಒಪ್ಪಲಿಲ್ಲ. 1940ರಲ್ಲಿ ಬಂಧನ, 1943ರ ಜನವರಿಯಲ್ಲಿ ಸರಾತೋವ್ ಜೈಲಿನಲ್ಲಿ ಸಾವು. ಜಗತ್ತಿನ ಹಸಿವು ನೀಗಿಸೋಕೆ ಹೊರಟವನು ಅನ್ನವಿಲ್ಲದೆ ಸೊರಗಿ ಸತ್ತ. ಒಳಗಿದ್ದಾಗಲೇ, 1942ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿ ಅವನನ್ನ ವಿದೇಶಿ ಸದಸ್ಯನಾಗಿ ಆರಿಸಿತು.

ಹಳೇಪುಸ್ತಕ ಅವರು ಹೇಳಿದ ‘ಮನೆಯವರ ಮಾತು’ ಇಲ್ಲೂ ಇದೆ, ಆದರೆ ತಿರುಗಿಸಿ. ಜೆ.ಬಿ.ಎಸ್. ಹಾಲ್ಡೇನ್, 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲೆಸಿ ಜುಬ್ಬಾ ತೊಟ್ಟು ಓಡಾಡಿದವರು, ನಮಗೆಲ್ಲ ಪ್ರೀತಿ. 1928ರಲ್ಲಿ ಅವರು ರಷ್ಯಾಕ್ಕೆ ಹೋದದ್ದು ವಾವಿಲೋವ್‌ನ ಆಹ್ವಾನದ ಮೇಲೆಯೇ. ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದ ದೊಡ್ಡ ಹೆಸರು, ಜೊತೆಗೆ ತಳಿವಿಜ್ಞಾನಿ. ಲೈಸೆಂಕೊ ವಿಷಯದಲ್ಲಿ ಮಾಸ್ಕೋ ಯಾರ ಮಾತಿಗಾದರೂ ಮುಜುಗರಪಡುತ್ತಿದ್ದರೆ ಅದು ಇವರ ಮಾತಿಗೆ. ಇವರು ವರ್ಷಗಟ್ಟಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ರಾಯಲ್ ಸೊಸೈಟಿ ಅಧ್ಯಕ್ಷರಾಗಿದ್ದ ಹೆನ್ರಿ ಡೇಲ್ 1948ರಲ್ಲಿ ಸೋವಿಯತ್ ಅಕಾಡೆಮಿಗೆ ರಾಜೀನಾಮೆ ಬರೆದರು. ಆದರೆ ಡೇಲ್ ಅವರಿಗೆ ಕಮ್ಯುನಿಸ್ಟ್ ಪಟ್ಟ ಇರಲಿಲ್ಲ, ಹಾಗಾಗಿ ತಾಗಲಿಲ್ಲ. ಹಾಲ್ಡೇನ್ ಅಂದರೆ ನನಗೆ ಈಗಲೂ ಗೌರವ. ಈ ಒಂದು ಮುಳ್ಳು ಮಾತ್ರ ತೆಗೆಯೋಕೆ ಬರಲ್ಲ.

ಪೀಣ್ಯದ_ತಾತ
ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ‘ಮನೆಯವರ ಮಾತು’ ಎಂಬುದನ್ನು ಓದಿ ನಿನ್ನೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಆರ್ಯಭಟ ಉಪಗ್ರಹದ ಕಾಲದಲ್ಲಿ ನಾನು ಪೀಣ್ಯದ ಶೆಡ್ಡುಗಳಲ್ಲಿ ಕೆಲಸ ಮಾಡಿದವನು. ತಗಡಿನ ಮಾಡು, ಬೇಸಿಗೆಯಲ್ಲಿ ಕಾವಲಿ. ಉಪಗ್ರಹ ನಮ್ಮದು, ರಾಕೆಟ್ ಅವರದು. 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ ಮೇಲಕ್ಕೆ ಹೋಯಿತು. ಅದಕ್ಕೆಂದೇ ನಾವು ಒಂದಷ್ಟು ಜನ ರಷ್ಯನ್ ಕಲಿತಿದ್ದೆವು. ಅಲ್ಲಿಂದ ಬಂದ ಎಂಜಿನಿಯರುಗಳು ನಮ್ಮ ಮನೆಗೆ ಬಂದು ಚಕ್ಕಳಮಕ್ಕಳ ಕೂತು ಹುಳಿ ಅನ್ನ ಉಂಡಿದ್ದಾರೆ. ಒಳ್ಳೆಯ ಜನ. ಅದೇ ವರ್ಷದ ಕೊನೆಗೆ, ತಮ್ಮ ಸರ್ಕಾರವನ್ನೇ ಟೀಕಿಸುತ್ತಿದ್ದ ಸೋವಿಯತ್ ಭೌತವಿಜ್ಞಾನಿ ಸಖಾರೋವ್‌ಗೆ ಶಾಂತಿ ನೊಬೆಲ್ ಬಂತು. ನಮ್ಮ ಅತಿಥಿಗಳ ಮುಂದೆ ಆ ಹೆಸರನ್ನು ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

1980ರ ಜನವರಿಯಲ್ಲಿ ಸಖಾರೋವ್‌ನನ್ನು ಗೋರ್ಕಿ ನಗರಕ್ಕೆ ಗಡೀಪಾರು ಮಾಡಿದರು. ಹೈಡ್ರೋಜನ್ ಬಾಂಬ್ ಮಾಡಿಕೊಟ್ಟವನನ್ನು, ವಿಚಾರಣೆಯೂ ಇಲ್ಲದೆ. ಅದಾದ ಕೆಲವು ವಾರಕ್ಕೆ ಪರಿಚಯದ ಹುಡುಗನೊಬ್ಬ ಟೈಪ್ ಮಾಡಿದ ಹಾಳೆ ಹಿಡಿದು ನನ್ನ ಬಳಿ ಬಂದ. ನಾಲ್ಕೇ ಸಾಲು, ಸಖಾರೋವ್ ಆರೋಗ್ಯದ ಬಗ್ಗೆ ಕಾಳಜಿ, ಮಾಸ್ಕೋಗೆ ಮರಳಲು ಬಿಡಿ ಎಂಬ ವಿನಂತಿ. ಕೆಳಗೆ ಮೂರು ಸಹಿ. ‘ಭಾಸ್ಕರ-2 ಮೇಲೆ ಹೋಗಲಿ, ಆಮೇಲೆ ನೋಡೋಣ’ ಎಂದೆ. ಅದೂ ಅವರ ರಾಕೆಟ್ಟಿನಲ್ಲೇ ಹೋಗಬೇಕಿದ್ದ ನಮ್ಮ ಉಪಗ್ರಹ, ಹೋದದ್ದು 1981ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಆ ಹುಡುಗನೂ ಹಾಳೆಯೂ ಎಲ್ಲಿ ಹೋದವೋ. ಅದೇ ನವೆಂಬರ್‌ನಲ್ಲಿ ಸಖಾರೋವ್ ಗೋರ್ಕಿಯಲ್ಲಿ ಉಪವಾಸ ಕೂತಿದ್ದ. 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಅಲ್ಲಿಂದ ಬಾಹ್ಯಾಕಾಶಕ್ಕೆ ಹೋದರು, ನಾವು ಸಿಹಿ ಹಂಚಿದೆವು. ಮೇ ತಿಂಗಳಲ್ಲಿ ಅವನು ಮತ್ತೆ ಉಪವಾಸ. ಬಲವಂತವಾಗಿ ಆಹಾರ ತುರುಕಿದರಂತೆ.

ಅಮೆರಿಕದ ವಿಜ್ಞಾನ ಅಕಾಡೆಮಿ 1980ರ ಫೆಬ್ರವರಿಯಲ್ಲೇ ಸೋವಿಯತ್ ಜೊತೆಗಿನ ಜಂಟಿ ವಿಚಾರಗೋಷ್ಠಿಗಳನ್ನು 6 ತಿಂಗಳು ನಿಲ್ಲಿಸಿತ್ತು. ಅವರಿಗೆ ಸ್ವಂತ ರಾಕೆಟ್ ಇತ್ತು, ನಮಗಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳೇನಲ್ಲ. ಆದರೆ ಗೆಳೆಯರು ಎಂದು ಅವರು ಕರೆಯುತ್ತಿದ್ದುದು ನಮ್ಮನ್ನು.

ಧಾರವಾಡ_ಪೇಡೆ
ತಾತಾರ, ನೀವು ಬರದಿದ್ದ ಓದಿ ಸುಮ್ನ ಕುಂತಬಿಟ್ಟೆ.

ನಂದೊಂದು ಬ್ಯಾರೆ ಮಾತೈತ್ರಿ. ಹೊರದೇಶದ ಜೈಲ್ ಅಂತೀವಲ್ಲ, ಒಂದ್ ಕಾಲಕ್ಕ ನಮ್ಮ ಬೆಂಗಳೂರ್ ಜೈಲೂ ಹೊರಗಿನವರಿಗೆ ‘ಹೊರದೇಶದ ಜೈಲ್’ ಆಗಿತ್ತು. ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ 26ಕ್ಕ, ಸಂಸದೀಯ ಸಮಿತಿ ಸಭೆಗಂತ ಬೆಂಗಳೂರಿಗೆ ಬಂದಿದ್ದ ಮಧು ದಂಡವತೆಯವರನ್ನ ಇಲ್ಲೇ ಹಿಡದು ಒಳಗ ಹಾಕಿದ್ರು, ಅಡ್ವಾಣಿಯವರ ಜೋಡಿ. ದಂಡವತೆ ಅಂದ್ರ ರೈಲ್ವೆ ಮಂತ್ರಿ ಅಂತ ನೆನಪಿರ್ತದ, ಮುಂಬೈ ಕಾಲೇಜಿನ್ಯಾಗ ಭೌತಶಾಸ್ತ್ರದ ಮಾಸ್ತರ ಆಗಿದ್ರು ಅನ್ನೋದು ಎಷ್ಟ ಮಂದಿಗೆ ಗೊತ್ತು? ನಟಿ ಸ್ನೇಹಲತಾ ರೆಡ್ಡಿ ಅದ ಜೈಲಿನ್ಯಾಗ ಅಸ್ತಮಾದಿಂದ ನರಳಿ, ಬಿಟ್ಟ ಮ್ಯಾಲ 1977ರ ಜನವರಿಯೊಳಗ ತೀರಿಕೊಂಡ್ರು. ಈಗ ಆ ಜಾಗಕ್ಕ ಫ್ರೀಡಂ ಪಾರ್ಕ್ ಅಂತಾರ. ನಾವು ಧರಣಿ ಕುಂದ್ರಲಿಕ್ಕೆ ಹೋಗ್ತೀವಿ, ಶೇಂಗಾ ತಿಂದು ಬರ್ತೀವಿ.

ಆವಾಗ ಹೊರಗಿನವರು ಯಾರರ ಬರದ್ರ ‘ಇದು ನಮ್ಮ ಆಂತರಿಕ ವಿಷಯ’ ಅಂತ ದಿಲ್ಲಿಯವರು ಹೇಳ್ತಿದ್ರು. ಇವತ್ತ ಮಾಸ್ಕೋದವರು ಹೇಳೂದೂ ಅದ ವಾಕ್ಯ. ಭಾಷಾ ಅಷ್ಟ ಬ್ಯಾರೆ.

ಗೊಣಗು_ಗಾಂಧಿಬಜಾರ್
ಹಾಗಾದ್ರೆ ಈಗ ಇಲ್ಲಿ ಒಳಗಿರೋರ ಬಗ್ಗೆ ಮಾತಾಡೋಣ್ವಾ? ಒಂದು ಪಟ್ಟಿ ಕೊಡ್ತೀನಿ.

ನಿರ್ವಾಹಕ
ಬೇರೆ ಎಳೆ ತೆರೆಯಿರಿ, ಪಿನ್ ಮಾಡ್ತೀನಿ. ನಿಜವಾಗ್ಲೂ ಮಾಡ್ತೀನಿ. ಇಲ್ಲಿ ಮೊದಲ ಪೋಸ್ಟಿನ ಪ್ರಶ್ನೆಗೆ ನಿಲ್ಲೋಣ. ಚುನಾವಣೆ ಹತ್ತಿರ ಇದೆ, ಈಗಾಗಲೇ ಎರಡು ಕಾಮೆಂಟ್ ಅಳಿಸಿದ್ದೀನಿ.

ಫೈಲು_ಪುರಾಣ
ಶೂನ್ಯ ಅವರ ಗೈಡ್ ‘ನಿನ್ನಿಷ್ಟ’ ಅಂದದ್ದರ ಹಿಂದೆ ಏನಿದೆ ಅಂತ ನಾನು ಹೇಳಬಲ್ಲೆ. ಆಡಳಿತ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು.

ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮಗಳು, 1964, ನಿಯಮ 9. ಸರ್ಕಾರವನ್ನ ಟೀಕಿಸಬಾರದು ಅನ್ನೋದು ಎಲ್ಲರಿಗೂ ಗೊತ್ತು. ಅದರ ಕೊನೆಯ ಭಾಗ ಯಾರೂ ಓದಲ್ಲ: ಭಾರತ ಸರ್ಕಾರಕ್ಕೂ ಯಾವುದೇ ವಿದೇಶಿ ಸರ್ಕಾರಕ್ಕೂ ಇರುವ ಸಂಬಂಧಕ್ಕೆ ಮುಜುಗರ ತರಬಹುದಾದ ಹೇಳಿಕೆಯನ್ನೂ ಪ್ರಕಟಿಸುವಂತಿಲ್ಲ. ‘ತರಬಹುದಾದ’, ಅಷ್ಟೇ ಸಾಕು. ತಂದಿರಲೇಬೇಕು ಅಂತಿಲ್ಲ. ಊರಿನ ಬಹಳಷ್ಟು ಕೇಂದ್ರೀಯ ಸಂಶೋಧನಾ ಸಂಸ್ಥೆಗಳು ಇದೇ ನಿಯಮಗಳನ್ನೋ ಇದರ ತಮ್ಮನನ್ನೋ ಅಳವಡಿಸಿಕೊಂಡಿವೆ. ಬೇರೆ ಬೇರೆ ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ನನ್ನ ಟೇಬಲ್ಲಿನ ಮುಂದೆ ನಿಂತು ‘ಇದಕ್ಕೆ ಸಹಿ ಹಾಕಬಹುದಾ ಸಾರ್’ ಅಂತ ಪಿಸುಮಾತಿನಲ್ಲಿ ಕೇಳಿದ್ದಾರೆ. ನಾನು ಬಾಯಿಬಿಟ್ಟು ಬೇಡ ಅಂದಿಲ್ಲ. ನಿಯಮ 9 ಇರುವ ಪುಟ ತೆರೆದು ಅವರ ಕಡೆ ತಿರುಗಿಸಿ ಇಡ್ತಿದ್ದೆ. ಓದಿ ಹೋಗಿಬಿಡೋರು.

ವಿದ್ಯಾರ್ಥಿಗಳು ಸರ್ಕಾರಿ ನೌಕರರಲ್ಲ, ಇದು ನೇರವಾಗಿ ತಗಲೋಲ್ಲ. ಆದರೂ ಸಂಸ್ಥೆಯ ಹೆಸರು ಹಾಕಬೇಡಿ, ಸಂಸ್ಥೆಯ ಮೇಲ್‌ನಿಂದ ಕಳಿಸಬೇಡಿ. ಗೈಡ್ ಮೇಲೆ ಕೋಪ ಮಾಡ್ಕೋಬೇಡಿ. ಅವರು ಆ ಪುಟ ಓದಿರಬಹುದು.

ಯಶವಂತಪುರ_ಲೋಕಲ್
ನಿಯಮ 9 ಹುಟ್ಟೋಕೆ ಮುಂಚಿನ ಕಥೆ ನಮ್ಮ ಪಕ್ಕದಲ್ಲೇ ಇದೆ. ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯ ಕಾಂಪೌಂಡ್ ಪಕ್ಕ ದಿನಾ ಹೋಗ್ತೀನಿ, ಅದಕ್ಕೇ ನೆನಪಾಯ್ತು.

ಮ್ಯಾಕ್ಸ್ ಬಾರ್ನ್, ಕ್ವಾಂಟಂ ಭೌತಶಾಸ್ತ್ರದ ಬಾರ್ನ್. ಯಹೂದಿ ಅನ್ನೋ ಕಾರಣಕ್ಕೆ 1933ರಲ್ಲಿ ಗಟಿಂಗೆನ್‌ನಲ್ಲಿದ್ದ ಪ್ರೊಫೆಸರ್ ಹುದ್ದೆ ಹೋಯ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ರುದರ್‌ಫರ್ಡ್ ಅಧ್ಯಕ್ಷತೆಯಲ್ಲಿ, ಕೆಲಸ ಕಳ್ಕೊಂಡ ವಿದ್ವಾಂಸರಿಗೆ ನೆಲೆ ಹುಡುಕೋ ಒಂದು ಮಂಡಳಿ ಶುರುವಾಯ್ತು. ಇವತ್ತಿಗೂ ಬೇರೆ ಹೆಸರಲ್ಲಿ ನಡೀತಿದೆ. ಇಲ್ಲಿ ಸಿ.ವಿ. ರಾಮನ್ ಆಗ ಸಂಸ್ಥೆಯ ನಿರ್ದೇಶಕರು. ಅವರು ಬಾರ್ನ್‌ನನ್ನ ಬೆಂಗಳೂರಿಗೆ ಕರೆಸಿದರು. 1935-36ರ ಚಳಿಗಾಲ ಗಂಡ ಹೆಂಡತಿ ಇಲ್ಲೇ ಇದ್ದರು. ಬಾರ್ನ್‌ಗೆ ಕಾಯಂ ಹುದ್ದೆ ಕೊಡಿಸೋಕೆ ರಾಮನ್ ಹೊರಟರು. ಸಭೆಯಲ್ಲಿ, ಬಾರ್ನ್ ಅಲ್ಲೇ ಕೂತಿರುವಾಗಲೇ, ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ತನ್ನ ದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಅನ್ನೋ ಅರ್ಥದ ಮಾತಾಡಿದ. ಮನೆಗೆ ಹೋಗಿ ಅತ್ತೆ ಅಂತ ಬಾರ್ನ್ ಆತ್ಮಕಥೆಯಲ್ಲಿ ಬರ್ಕೊಂಡಿದ್ದಾರೆ. ಹುದ್ದೆ ಸಿಗಲಿಲ್ಲ. ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು.

ನೊಬೆಲ್ ಬಂದಿದ್ದಕ್ಕೆ ಹೇಳ್ತಿಲ್ಲ. ನಿಜವಾಗ್ಲೂ ಎರಡನೇ ದರ್ಜೆಯವನೇ ಆಗಿದ್ದರೆ? ಓಡಿಸಿದ್ದು ಸರಿ ಆಗ್ತಿತ್ತಾ? ಈ ಪತ್ರಗಳಲ್ಲೆಲ್ಲ ‘ಪ್ರತಿಭಾವಂತ ಗಣಿತಜ್ಞ’ ಅಂತ ಬರೀತಾರಲ್ಲ, ಅದು ನನಗೆ ಸ್ವಲ್ಪ ಕಿರಿಕಿರಿ. ಸಾಧಾರಣ ಗಣಿತಜ್ಞನಿಗೂ ಹುಬ್ಬಿನ ಮೇಲೆ ಜೈಲು ಬೇಡ.

ಕಾಳುಮೆಣಸು
ಕೊನೆಯ ಸಾಲಿಗೆ ನೂರು ಚಪ್ಪಾಳೆ.

ಆದರೆ ಶೂನ್ಯ ಅವರಿಗೆ ಸುಳ್ಳು ಭರವಸೆ ಬೇಡ. ಅಹ್ಮದ್‌ರೆಜಾ ಜಲಾಲಿ, ವಿಪತ್ತು ವೈದ್ಯಕೀಯದ ತಜ್ಞ, ಇರಾನ್ ಮೂಲದ ಸ್ವೀಡನ್ ನಿವಾಸಿ. 2016ರ ಏಪ್ರಿಲ್‌ನಲ್ಲಿ ಇರಾನಿನ ವಿಶ್ವವಿದ್ಯಾಲಯಗಳು ಕರೆದವು ಅಂತ ಹೋದವರನ್ನ ಹಿಡಿದರು, 2017ರಲ್ಲಿ ಮರಣದಂಡನೆ. ನೂರಕ್ಕೂ ಹೆಚ್ಚು ನೊಬೆಲ್ ವಿಜೇತರು ಬರೆದಿದ್ದಾರೆ. ಈ ತಿಂಗಳಿಗೆ, 2024ರ ಏಪ್ರಿಲ್‌ಗೆ, 8 ವರ್ಷ, ಇನ್ನೂ ಒಳಗೇ ಇದ್ದಾರೆ. ನೇಣಿಗೆ ಹಾಕಿಲ್ಲ, ಅದು ಪತ್ರದಿಂದಲೋ ಇನ್ನಾವುದರಿಂದಲೋ ಯಾರು ಹೇಳ್ತಾರೆ? ಅದೇ ದೇಶದ ಒಮಿದ್ ಕೊಕಬೀ, ಟೆಕ್ಸಸ್‌ನಲ್ಲಿ ಲೇಸರ್ ಭೌತಶಾಸ್ತ್ರ ಓದ್ತಿದ್ದ ಹುಡುಗ, 2011ರಲ್ಲಿ ಸಿಕ್ಕಿಬಿದ್ದ. ಮಿಲಿಟರಿ ಕೆಲಸಕ್ಕೆ ಒಪ್ಪದ್ದಕ್ಕೆ ಈ ಗತಿ ಅಂತ ಒಳಗಿನಿಂದಲೇ ಬರೆದ. ಅಮೆರಿಕದ ಭೌತವಿಜ್ಞಾನ ಸಂಘ ಅವನಿಗೆ ಸಖಾರೋವ್ ಹೆಸರಿನ ಪ್ರಶಸ್ತಿ ಕೊಟ್ಟಿತು. ಮೂತ್ರಪಿಂಡದ ಕ್ಯಾನ್ಸರ್ ಬಂದು, ಒಂದು ಕಿಡ್ನಿ ತೆಗೆದ ಮೇಲೆ 2016ರಲ್ಲಿ ಬಿಟ್ಟರು.

ಶೂನ್ಯಕ್ಕೆ_ಸಮ
ಎಲ್ಲ ಓದಿದೆ. ಕೆಲವನ್ನ ಎರಡೆರಡು ಸಲ. ಸಹಿ ಹಾಕಿದೆ. ಸಂಸ್ಥೆಯ ಕಾಲಂನಲ್ಲಿ ‘ಬೆಂಗಳೂರು’ ಅಂತ ಮಾತ್ರ ಬರೆದೆ.

ಗೆಳತಿ ಇನ್ನೊಂದು ಮಾತು ಹೇಳಿದಳು. ಜೈಲಿಗೇ ಪತ್ರ ಬರೆಯಬಹುದಂತೆ, ಹೊರಗಿನ ಗಣಿತ ಏನಾಗ್ತಿದೆ ಅಂತ ತಿಳಿಸಿ. ಆದರೆ ಸೆನ್ಸಾರ್ ದಾಟಬೇಕಾದರೆ ರಷ್ಯನ್‌ನಲ್ಲೇ ಇರಬೇಕು. ನನಗೆ ಒಂದಕ್ಷರ ಬರಲ್ಲ. ಅನುವಾದದ ಆ್ಯಪ್‌ಗೆ ಹಾಕಿದೆ, ಅದು ಗಣಿತದ ‘ರಿಂಗ್’ ಅಂದ್ರೆ ಉಂಗುರಾನಾ ಗಂಟೆನಾ ಅಂತ ಗೊತ್ತಾಗದೆ ಒದ್ದಾಡ್ತಿದೆ.

ಗೊಣಗು_ಗಾಂಧಿಬಜಾರ್
ಸಮೀಕರಣ ಬರೆದ್ರೆ ಸಂಕೇತಭಾಷೆ ಅಂತ ಇನ್ನೂ 4 ವರ್ಷ ಹಾಕ್ತಾರೆ ಪಾಪ. ಪದದಲ್ಲೇ ಬರಿ.

(ಟ್ಯಾಂಕರ್ ಬಂತು. ಅರ್ಧ ಸಂಪು.)

ಪೀಣ್ಯದ_ತಾತ
ಮಗು, ನನ್ನ ರಷ್ಯನ್‌ಗೆ ತುಕ್ಕು ಹಿಡಿದಿದೆ. ಅಟ್ಟದ ಮೇಲಿಂದ ನಿಘಂಟು ಇಳಿಸಿದ್ದೇನೆ, ಅರ್ಧ ಗೆದ್ದಲು ತಿಂದಿದೆ. ನೀನು ಕನ್ನಡದಲ್ಲೇ ಬರೆದು ಕಳಿಸು, ಒಂದೂವರೆ ಪುಟಕ್ಕೆ ಮೀರದ ಹಾಗೆ. ರಾಜಕೀಯ ಬೇಡ, ಅವನಿಗೆ ತೊಂದರೆ. ಅವನ ಮನೆಯವರನ್ನು ಒಂದು ಮಾತು ಕೇಳಲು ನಿನ್ನ ಗೆಳತಿಗೆ ಹೇಳು. ಕೆಳಗೆ ನನ್ನ ಹೆಸರನ್ನೂ ಹಾಕುತ್ತೇನೆ. ಪಿಂಚಣಿದಾರನಿಗೆ ನಿಯಮ 9 ತಗಲುತ್ತದೆಯೇ, ಫೈಲು ಪುರಾಣದವರೇ?

ಫೈಲು_ಪುರಾಣ
ಪುಟ ತೆರೆಯೋಲ್ಲ ಸಾರ್. ಹಾಕಿ.

ಶೂನ್ಯಕ್ಕೆ_ಸಮ
ತಾತ, ಇವತ್ತೇ ಬರೀತೀನಿ! ನಿಮಗೆ ಗಣಿತದ ಪದಗಳು ಕಷ್ಟ ಆಗಲ್ವಾ? ‘ಗ್ರೂಪ್ ಥಿಯರಿ’ಗೆ ಅವರು ಏನಂತಾರೆ?

ಪೀಣ್ಯದ_ತಾತ
ತಿಯೋರಿಯ ಗ್ರುಪ್. ಅಷ್ಟೇ.